ಮರ ಎಣ್ಣೆಯನ್ನು ಕುಡಿಯುವುದೇ?

ಏಪ್ರಿಲ್ ತಿಂಗಳಿನ ಒಂದು ಮಧ್ಯಾಹ್ನ ವಿದ್ಯಾರ್ಥಿಯೊಬ್ಬನು ತನ್ನ ಗಿಟಾರನ್ನು ಹೊತ್ತುಕೊಂಡು ನಮ್ಮ ಪ್ರಯೋಗಶಾಲೆಗೆ ಬಂದನು. "ಸಾರ್, ಇದರ ಅಂಚಿನ ಮೇಲೆ ಬೆರಳು ಜಾರಿಸಿ ನೋಡಿ, ಗರಗಸದಂತೆ ಗೀರುತ್ತದೆ. ಜನವರಿಯಲ್ಲಿ ಹೀಗಿರಲಿಲ್ಲ" ಎಂದನು. ಚಿಕ್ಕ ಮಕ್ಕಳಿಗೆ ಮನೆಪಾಠ ಹೇಳಿ ಗಳಿಸಿದ ಹಣದಿಂದ ಅವನು ಕೊಂಡ ವಾದ್ಯವದು. ಬೆರಳಾಡುವ ಕಪ್ಪು ಹಲಗೆಯು ಬಣ್ಣಗೆಟ್ಟು, ಬೂದಿ ಬಳಿದಂತೆ ಕಾಣುತ್ತಿತ್ತು. ಮರಕ್ಕೆ ಬಾಯಾರಿದೆ, ಎಣ್ಣೆ ಕುಡಿಸಬೇಕು ಎಂದು ಯಾರೋ ಹೇಳಿದ್ದರಂತೆ. ನಾವೂ ಅದನ್ನೇ ನಂಬಿ ಎಣ್ಣೆ ಹಚ್ಚಿದೆವು. ಕ್ಷಣಮಾತ್ರದಲ್ಲಿ ಹಲಗೆ ಕಪ್ಪಾಗಿ ಮಿನುಗಿತು. ಹುಡುಗನ ಮುಖವೂ ಅರಳಿತು. ಆದರೆ ವಾರ ಕಳೆದರೂ ಅಂಚು ಗೀರುವುದು ತಪ್ಪಲಿಲ್ಲ. ನಮ್ಮ ಚಿಕಿತ್ಸೆ ತಪ್ಪಿದ್ದೆಲ್ಲಿ ಎಂಬುದನ್ನು ಈಗ ವಿಚಾರಿಸೋಣ.

ಗಿಟಾರಿನ ಕತ್ತಿನ ಮೇಲೆ, ತಂತಿಗಳ ಕೆಳಗೆ ಅಂಟಿಸಿರುವ ಹಲಗೆಗೆ ಫ್ರೆಟ್‌ಬೋರ್ಡು ಎಂದು ಹೆಸರು. ವೀಣೆಯಲ್ಲಿ ಮೆಟ್ಟಿಲುಗಳನ್ನು ಮೇಣದ ಮೇಲೆ ಕೂಡಿಸುತ್ತಾರಷ್ಟೆ. ಗಿಟಾರಿನಲ್ಲಿಯಾದರೋ ಹಲಗೆಗೆ ಅಡ್ಡಲಾಗಿ ಕೊಯ್ದ ಸೀಳುಗಳಲ್ಲಿ ಲೋಹದ ಮೆಟ್ಟಿಲುಗಳನ್ನು ಬಿಗಿಯಾಗಿ ಇಳಿಸಿರುತ್ತಾರೆ. ಈ ಲೋಹವು ಸಾಮಾನ್ಯವಾಗಿ ತಾಮ್ರ, ನಿಕಲ್ ಮತ್ತು ಸತುಗಳ ಮಿಶ್ರಣ. ಹಲಗೆಯಾದರೋ ಬಹುಮಟ್ಟಿಗೆ ಬೀಟೆ ಅಥವಾ ಕರಿಮರ. ನಮ್ಮ ಮಲೆನಾಡು ಮತ್ತು ಕೊಡಗಿನ ಕಾಡುಗಳಲ್ಲಿ ಬೆಳೆಯುವ ಬೀಟೆಯೇ 'ಇಂಡಿಯನ್ ರೋಸ್‌ವುಡ್' ಎಂಬ ಹೆಸರು ಹೊತ್ತು ದೇಶವಿದೇಶಗಳ ಗಿಟಾರುಗಳಲ್ಲಿ ಸೇರಿದೆ. ಸಸ್ಯಶಾಸ್ತ್ರಜ್ಞರು ಅದನ್ನು ಡಾಲ್ಬರ್ಜಿಯ ಲ್ಯಾಟಿಫೋಲಿಯ ಎಂದು ಕರೆಯುತ್ತಾರೆ. ಇಂಥ ಹಲಗೆಗಳ ಮೇಲೆ ಸಾಮಾನ್ಯವಾಗಿ ಮೆರುಗೆಣ್ಣೆಯ ಲೇಪವಿರುವುದಿಲ್ಲ. ಮರವು ಗಾಳಿಗೆ ನೇರವಾಗಿ ತೆರೆದುಕೊಂಡಿರುತ್ತದೆ.

ಕಡಿದ ಮರದಲ್ಲಿ ಜೀವವಿಲ್ಲ. ಅದು ಉಣ್ಣುವುದೂ ಇಲ್ಲ, ಕುಡಿಯುವುದೂ ಇಲ್ಲ. ಆದರೆ ಸುತ್ತಲಿನ ಗಾಳಿಯೊಡನೆ ಅದರ ಕೊಡುಕೊಳ್ಳುವಿಕೆ ಎಂದಿಗೂ ನಿಲ್ಲುವುದಿಲ್ಲ. ಮರದ ಕೋಶಗಳ ಭಿತ್ತಿಗಳಲ್ಲಿ ಸೆಲ್ಯುಲೋಸ್ ಮುಂತಾದ ಪದಾರ್ಥಗಳಿವೆ. ಇವುಗಳ ಅಣುಗಳಲ್ಲಿರುವ ಹೈಡ್ರಾಕ್ಸಿಲ್ ಗುಂಪುಗಳು ಗಾಳಿಯಲ್ಲಿನ ನೀರಿನ ಅಣುಗಳನ್ನು ಸೆಳೆದು ಹಿಡಿದಿಡುತ್ತವೆ. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡ 65 ಇದ್ದಾಗ ಮರವು ತನ್ನ ಒಣತೂಕದ ಸುಮಾರು ಶೇಕಡ 12ರಷ್ಟು ನೀರನ್ನು ಹೊಂದಿರುತ್ತದೆ. ಆರ್ದ್ರತೆ ಶೇಕಡ 30ಕ್ಕೆ ಇಳಿದರೆ ಉಳಿಯುವುದು ಸುಮಾರು ಶೇಕಡ 6 ಮಾತ್ರ. ನೀರು ಹೊರಟುಹೋದಂತೆಲ್ಲ ಭಿತ್ತಿಗಳು ತೆಳ್ಳಗಾಗಿ ಮರವು ಕುಗ್ಗುತ್ತದೆ. ವಿಶೇಷವೇನೆಂದರೆ, ಮರ ಅಗಲದಲ್ಲಿ ಕುಗ್ಗುವಷ್ಟು ಉದ್ದದಲ್ಲಿ ಕುಗ್ಗುವುದಿಲ್ಲ. ನಾರುಗಳು ಉದ್ದಕ್ಕೆ ಹರಿದಿರುವುದರಿಂದ ಆ ದಿಕ್ಕಿನ ಕುಗ್ಗುವಿಕೆ ಲೆಕ್ಕಕ್ಕೆ ಬಾರದಷ್ಟು ಅಲ್ಪ.

ಇನ್ನು ಸ್ವಲ್ಪ ಗಣಿತ. ಕೋಶಭಿತ್ತಿಗಳು ನೀರಿನಿಂದ ತುಂಬಿರುವ ಸ್ಥಿತಿಯಲ್ಲಿ ಮರದ ನೀರಿನಂಶ ಸುಮಾರು ಶೇಕಡ 30. ಅಲ್ಲಿಂದ ಪೂರ್ಣವಾಗಿ ಒಣಗುವವರೆಗೆ ಹಲಗೆಯ ಅಗಲ ಶೇಕಡ 4ರಷ್ಟು ಕುಗ್ಗುವುದೆಂದು ಇಟ್ಟುಕೊಳ್ಳೋಣ. ನೀರಿನಂಶ 12ರಿಂದ 6ಕ್ಕೆ ಇಳಿದಾಗ ಆಗುವ ಕುಗ್ಗುವಿಕೆ ಅದರ ಐದನೆಯ ಒಂದು ಭಾಗ, ಎಂದರೆ ಶೇಕಡ 0.8. ಹಲಗೆಯ ಅಗಲ 52 ಮಿಲಿಮೀಟರ್ ಆದರೆ ಅದು ಸುಮಾರು 0.4 ಮಿಲಿಮೀಟರಿನಷ್ಟು ಕಿರಿದಾಗುತ್ತದೆ. ಮೆಟ್ಟಿಲಿನ ಲೋಹಕ್ಕೆ ಆರ್ದ್ರತೆಯ ಪರಿವೆಯೇ ಇಲ್ಲ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಬದಲಾದರೂ ಅದರ ಉದ್ದದಲ್ಲಿ 0.01 ಮಿಲಿಮೀಟರಿನಷ್ಟು ವ್ಯತ್ಯಾಸವೂ ಆಗುವುದಿಲ್ಲ. ಆದುದರಿಂದ ಮೆಟ್ಟಿಲು ಹೊರಗೆ ಬಂದುದಲ್ಲ, ಮರವೇ ಹಿಂದೆ ಸರಿದುದು! ಎರಡು ಬದಿಗಳಲ್ಲಿ 0.2 ಮಿಲಿಮೀಟರಿನಷ್ಟು ಲೋಹ ಚಾಚಿಕೊಂಡರೆ ಬೆರಳಿಗೆ ಅದು ಚೆನ್ನಾಗಿ ತಿಳಿಯುತ್ತದೆ. ವರ್ನಿಯರ್ ಮಾಪಕದಿಂದ ಅಳೆದಾಗ ನಮ್ಮ ಹುಡುಗನ ಗಿಟಾರಿನಲ್ಲಿಯೂ ಹೆಚ್ಚುಕಡಮೆ ಇಷ್ಟೇ ಕಂಡುಬಂದಿತು. ಎಣ್ಣೆ ಹಚ್ಚಿದ ಮೇಲೂ ಅಳತೆ ಕದಲಿರಲಿಲ್ಲ.

ಹಾಗಾದರೆ ಎಣ್ಣೆ ಹಚ್ಚಿದೊಡನೆ ಹಲಗೆ ಜೀವ ಬಂದಂತೆ ಕಂಡುದೇಕೆ? ಅದು ಬೆಳಕಿನ ಆಟ. ಒಣಗಿದ ಮರದ ಮೇಲ್ಮೈಯ ರಂಧ್ರಗಳಲ್ಲಿ ಗಾಳಿ ತುಂಬಿರುತ್ತದೆ. ಗಾಳಿಯ ವಕ್ರೀಭವನಾಂಕ 1. ಮರದ ಕೋಶಭಿತ್ತಿಯದು ಸುಮಾರು 1.53. ಈ ಅಂತರದಿಂದಾಗಿ ಬೆಳಕು ಎಲ್ಲ ಕಡೆಗೂ ಚದರಿ ಹಲಗೆ ಬಿಳಚಿಕೊಂಡಂತೆ ಕಾಣುತ್ತದೆ. ಎಣ್ಣೆಯ ವಕ್ರೀಭವನಾಂಕ ಸುಮಾರು 1.47. ಅದು ರಂಧ್ರಗಳನ್ನು ತುಂಬಿದಾಗ ಚದರಿಕೆ ಕಡಮೆಯಾಗಿ, ಬೆಳಕು ಒಳಹೊಕ್ಕು, ಮರದ ಸಹಜವಾದ ಗಾಢ ಬಣ್ಣ ಹೊರಬೀಳುತ್ತದೆ. ಕಾಗದದ ಮೇಲೆ ಎಣ್ಣೆಯ ತೊಟ್ಟು ಬಿದ್ದಾಗ ಆಗುವುದೂ ಇದೇ. ಆದರೆ ಎಣ್ಣೆಯು ರಂಧ್ರಗಳಲ್ಲಿ ನಿಲ್ಲುತ್ತದೆಯೇ ಹೊರತು ನೀರಿನಂತೆ ಕೋಶಭಿತ್ತಿಯೊಳಗೆ ಸೇರಿ ಅದನ್ನು ಉಬ್ಬಿಸಲಾರದು. ಕಳೆದ ನೀರಿಗೆ ನೀರೇ ಬೇಕು.

ಎಣ್ಣೆ ವ್ಯರ್ಥವೆಂದು ಇದರ ಅರ್ಥವಲ್ಲ. ಅದು ಕೈಯ ಜಿಡ್ಡುಕೊಳೆಯನ್ನು ಸಡಿಲಿಸುತ್ತದೆ, ಬೆವರನ್ನು ತಡೆಯುತ್ತದೆ, ಆವಿಯ ಓಡಾಟವನ್ನು ತುಸು ನಿಧಾನಗೊಳಿಸುತ್ತದೆ. ವರ್ಷಕ್ಕೆ ಒಂದೆರಡು ಸಲ, ತಂತಿ ಬದಲಾಯಿಸುವಾಗ ಹಚ್ಚಿದರೆ ಸಾಕು. ಮೊದಲು ಒಣಬಟ್ಟೆಯಿಂದಲೂ ಮೆತ್ತನೆಯ ಬ್ರಷ್ಷಿನಿಂದಲೂ ಮೆಟ್ಟಿಲುಗಳ ಬುಡದ ಕೊಳೆಯನ್ನು ತೆಗೆಯಬೇಕು. ಅನಂತರ ಬಟ್ಟೆಗೆ ಕೆಲವೇ ತೊಟ್ಟು ಶುದ್ಧ ಖನಿಜ ತೈಲವನ್ನು ಹಾಕಿ, ನಾರಿನ ದಿಕ್ಕಿನಲ್ಲಿ ಸವರಿ, ಹತ್ತು ನಿಮಿಷ ಬಿಟ್ಟು ಪೂರ್ತಿಯಾಗಿ ಒರೆಸಬೇಕು. ಅಂಗಡಿಯ 'ಲೆಮನ್ ಆಯಿಲ್' ಬಹುಮಟ್ಟಿಗೆ ಪರಿಮಳ ಸೇರಿಸಿದ ಖನಿಜ ತೈಲವೇ. ಅಡಿಗೆಮನೆಯ ಕಡಲೆಕಾಯಿ ಎಣ್ಣೆ, ಕೊಬ್ಬರಿ ಎಣ್ಣೆಗಳು ಕಾಲಕ್ರಮದಲ್ಲಿ ಕನರುತ್ತವೆ, ಅವು ಬೇಡ. ಅಗಸೆ ಎಣ್ಣೆ ಆಮ್ಲಜನಕದೊಡನೆ ಕೂಡಿ ಗಟ್ಟಿಯಾಗುತ್ತದೆ. ಆ ಕ್ರಿಯೆಯಲ್ಲಿ ಶಾಖ ಹುಟ್ಟುವುದರಿಂದ, ಅದರಲ್ಲಿ ನೆನೆದ ಬಟ್ಟೆಯನ್ನು ಮುದ್ದೆಯಾಗಿಟ್ಟರೆ ತಾನಾಗಿ ಹೊತ್ತಿಕೊಳ್ಳುವುದುಂಟು. ಹೊಸಬರು ಅದರ ಗೊಡವೆಗೆ ಹೋಗದಿರುವುದು ಲೇಸು. ಮೇಪಲ್ ಮರದ ಹಲಗೆಗೆ ಸಾಮಾನ್ಯವಾಗಿ ಲೇಪವಿರುವುದರಿಂದ ಅದಕ್ಕೆ ಎಣ್ಣೆಯೇ ಬೇಡ.

ನಿಜವಾದ ಆರೈಕೆ ಗಾಳಿಯದು. ನಮ್ಮ ಬಯಲುಸೀಮೆಯಲ್ಲಿ ಬೇಸಗೆಯ ಮಧ್ಯಾಹ್ನಗಳಲ್ಲಿ ಆರ್ದ್ರತೆ ಶೇಕಡ 30ಕ್ಕಿಂತ ಕೆಳಗಿಳಿಯುವುದುಂಟು. ಕರಾವಳಿಯ ಮಳೆಗಾಲದಲ್ಲಿ ಶೇಕಡ 80ನ್ನು ಮೀರುವುದುಂಟು. ಗಿಟಾರಿಗೆ ಹಿತವಾದುದು ಶೇಕಡ 45ರಿಂದ 55. ನಾವು ಹಳೆಯ ಸಾಬೂನಿನ ಡಬ್ಬಿಗೆ ತೂತು ಕೊರೆದು, ಚೆನ್ನಾಗಿ ಹಿಂಡಿದ ಒದ್ದೆ ಸ್ಪಂಜನ್ನು ಅದರಲ್ಲಿಟ್ಟು, ಮರಕ್ಕೆ ನೀರು ತಾಕದಂತೆ ಗಿಟಾರಿನ ಪೆಟ್ಟಿಗೆಯೊಳಗೆ ಇರಿಸಿದೆವು. ಜೊತೆಗೊಂದು ಆರ್ದ್ರತಾಮಾಪಕವನ್ನೂ ಇಟ್ಟೆವು. ಮೂರು ವಾರಗಳ ತರುವಾಯ ಅಳೆದಾಗ ಮೆಟ್ಟಿಲುಗಳು ಹಲಗೆಯ ಅಂಚಿಗೆ ಸರಿಸಮವಾಗಿದ್ದವು. ಇನ್ನಷ್ಟು ಒಣಗಲು ಬಿಟ್ಟಿದ್ದರೆ ಹಲಗೆ ಸೀಳಿಬಿಡುವ ಸಂಭವವಿತ್ತು.

ಸೀಳಿದ ಹಲಗೆಯ ಬದಲಿಗೆ ಮತ್ತೊಂದನ್ನು ತರುವುದು ಸುಲಭದ ಮಾತಲ್ಲ. ಬೀಟೆ ನಿಧಾನವಾಗಿ ಬೆಳೆಯುವ ಮರ. ವಿನಾಶದ ಭಯವಿರುವ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದವು 2017ರಲ್ಲಿ ನಮ್ಮ ಬೀಟೆಯನ್ನೂ ಅದರ ಬಂಧುಗಳನ್ನೂ ತನ್ನ ಹತೋಟಿಗೆ ತಂದುಕೊಂಡಿತು. 2019ರಲ್ಲಿ ಬೀಟೆಯ ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರೆಯಿತಾದರೂ ಮರ ನಿಯಂತ್ರಣದಲ್ಲಿಯೇ ಉಳಿದಿದೆ. ನಮ್ಮ ಕಾಡಿನ ಮರದ ಒಂದು ತುಂಡು ಕೈಯಲ್ಲಿರುವಾಗ ಅದರ ಹೊಳಪನ್ನು ನೋಡಿ ಮೋಸಹೋಗದೆ, ಅದರ ಅಗಲವನ್ನು ಅಳೆದು ನೋಡುವುದು ಒಳ್ಳೆಯದು. ಹುಡುಗನು ಈಗ ಎಣ್ಣೆಯ ಸೀಸೆಗಿಂತ ಆರ್ದ್ರತಾಮಾಪಕವನ್ನೇ ಹೆಚ್ಚಾಗಿ ನೋಡುತ್ತಾನೆ, ನಾವೂ ಅಷ್ಟೇ.