ನಾಣ್ಯದ ಮೇಲೆ ಕೂತಿರೋ ಈ ರಾಣಿ ಯಾರು? ಹೊಲದಲ್ಲಿ ಹಳೇ ಕಾಸು ಸಿಕ್ಕರೆ ಏನು ಮಾಡಬೇಕು?

ಆಯನೂರು: ತೋಟಕ್ಕೆ ಜೆಸಿಬಿ ಹಚ್ಚಿದಾಗಲೋ, ಮನೆ ಪಾಯ ತೆಗೆಯುವಾಗಲೋ ಹಳೇ ಬಿಲ್ಲೆ ಸಿಕ್ಕರೆ ನಮ್ಮ ಕಡೆ ಎರಡೇ ಮಾತು. ಒಂದು, ‘ಉಜ್ಜಿ ನೋಡು, ಚಿನ್ನನಾ ಅಂತ’. ಇನ್ನೊಂದು, ‘ವಾಟ್ಸಾಪ್‌ಗೆ ಹಾಕು, ಲಕ್ಷ ಬರುತ್ತೆ’. ಎರಡೂ ತಪ್ಪು. ಯಾಕೆ ಅಂತ ನೋಡೋಣ.

ನಮ್ಮ ನಾಡಿಗೇ ಬಂದಿತ್ತು ರೋಮ್ ದುಡ್ಡು

ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಶಾತವಾಹನರ ನಾಣ್ಯಗಳ ಜೊತೆ ರೋಮ್ ಚಕ್ರವರ್ತಿಗಳಾದ ಆಗಸ್ಟಸ್, ಟಿಬೇರಿಯಸ್ ಅವರ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ಒಂದೇ ಕಡೆ 163 ನಾಣ್ಯ ಸಿಕ್ಕಿದ್ದವು. ಮೆಣಸು, ಮುತ್ತು, ಬಟ್ಟೆ ಕೊಳ್ಳಲು ಹಡಗಿನಲ್ಲಿ ಬಂದ ದುಡ್ಡು ಇದು. ಭಾರತಕ್ಕೆ ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ ಹರಿದು ಹೋಗ್ತಿದೆ ಅಂತ ಆಗಿನ ರೋಮ್ ಲೇಖಕ ಪ್ಲಿನಿ ಬರೆದಿಟ್ಟಿದ್ದಾನೆ.

ರಾಣಿಯೋ, ದೇವತೆಯೋ?

ಭಾರತದಲ್ಲಿ ಹೆಚ್ಚಾಗಿ ಸಿಗುವ ಟಿಬೇರಿಯಸ್ (ಕ್ರಿ.ಶ. 14–37) ನಾಣ್ಯದ ಒಂದು ಕಡೆ ರಾಜನ ಮುಖ. ಇನ್ನೊಂದು ಕಡೆ ಕೈಯಲ್ಲಿ ಕೊಂಬೆ, ದಂಡ ಹಿಡಿದು ಕೂತ ಹೆಂಗಸು. ಅವಳು ಶಾಂತಿ ದೇವತೆ ಪಾಕ್ಸ್ ರೂಪದಲ್ಲಿರುವ ರಾಜನ ತಾಯಿ ಲಿವಿಯಾ ಅಂತ ಬಹಳ ವಿದ್ವಾಂಸರ ಅಭಿಪ್ರಾಯ. ಮುಂದೆ ಫೌಸ್ಟಿನಾ, ಜೂಲಿಯಾ ಡೊಮ್ನಾರಂಥ ರಾಣಿಯರ ಮುಖವೇ ನಾಣ್ಯಕ್ಕೆ ಬಂತು, ಹಿಂದೆ ಜೂನೋ, ವೀನಸ್, ಸಿರಿಸ್ ದೇವತೆಯರು. ಟಿವಿ, ಪೇಪರ್ ಇಲ್ಲದ ಕಾಲ. ‘ನಮ್ಮ ಮನೆತನದ ಮೇಲೆ ದೇವರ ಕೃಪೆ ಇದೆ’ ಅಂತ ಊರೂರಿಗೆ ಸಾರೋಕೆ ನಾಣ್ಯವೇ ಪೋಸ್ಟರ್.

ರೋಮ್ ಜನರ ದಿನಬಳಕೆಯ ಚಿಲ್ಲರೆ ಅಂದ್ರೆ ಕಂಚು. ದೂರದ ವ್ಯಾಪಾರಕ್ಕೆ ಬೆಳ್ಳಿ, ಬಂಗಾರ. ಅದಕ್ಕೇ ನಮ್ಮಲ್ಲಿ ಸಿಕ್ಕಿದ್ದು ಹೆಚ್ಚಾಗಿ ಇವೆರಡೇ. ಸಣ್ಣ ಕಂಚಿನ ನಾಣ್ಯಗಳು ನಂತರದ ಶತಮಾನಗಳಲ್ಲಿ ತಮಿಳುನಾಡು, ಶ್ರೀಲಂಕಾ ಕಡೆ ಬಂದವು.

ಸಿಕ್ಕರೆ ಹೀಗೆ ಮಾಡಿ

* ಉಜ್ಜಬೇಡಿ, ಹುಣಸೆಹಣ್ಣು ಹಚ್ಚಬೇಡಿ. ಅಕ್ಷರ ಅಳಿಸಿದರೆ ಯಾವ ರಾಜನದ್ದು ಅಂತ ಹೇಳೋರೇ ಇರಲ್ಲ.
* ಸಿಕ್ಕ ಜಾಗ ಗುರುತಿಟ್ಟುಕೊಳ್ಳಿ, ಮುಂದೆ ಅಗೆಯಬೇಡಿ. ನಾಣ್ಯ ಎಲ್ಲಿ ಸಿಕ್ತು, ಜೊತೆಗೆ ಏನಿತ್ತು ಅನ್ನೋದರಲ್ಲೇ ಊರಿನ ಇತಿಹಾಸ ಇದೆ.
* ತಹಶೀಲ್ದಾರ್ ಅಥವಾ ಡಿಸಿ ಕಚೇರಿಗೆ ತಿಳಿಸಿ. ನೆಲದಲ್ಲಿ ಸಿಕ್ಕ ನಿಧಿ ಮುಚ್ಚಿಡೋದು ಕಾನೂನು ಪ್ರಕಾರ ಅಪರಾಧ.
* ಅಂಗಡಿಯವರೇ, ತೂಕಕ್ಕೆ ತಗೊಂಡು ಕರಗಿಸಬೇಡಿ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆಯಡಿ ಪುರಾತನ ವಸ್ತು. ಲೈಸೆನ್ಸ್ ಇಲ್ಲದೆ ಅದರ ವ್ಯಾಪಾರ ಮಾಡುವಂತಿಲ್ಲ.
* ‘ಹಳೇ ನಾಣ್ಯಕ್ಕೆ ಲಕ್ಷ ಕೊಡ್ತೀವಿ, ಮೊದಲು ಫೀಸ್ ಕಟ್ಟಿ’ ಅಂದ್ರೆ ಅದು ಮೋಸ. ಫೋನ್ ಇಟ್ಟುಬಿಡಿ.

ಕರಗಿಸಿದರೆ ಮೂರ್ನಾಲ್ಕು ಗ್ರಾಂ ಬೆಳ್ಳಿ ಅಷ್ಟೇ. ಹಾಗೇ ಉಳಿಸಿದರೆ ನಮ್ಮೂರಿಗೆ ಎರಡು ಸಾವಿರ ವರ್ಷದ ಸಾಕ್ಷಿ.