ಅಮ್ಮ ನಡೆದರೆ ದೀಪ ಹತ್ತಬೇಕು

ರಾತ್ರಿ ಬಚ್ಚಲಿಗೆಂದು ಎದ್ದಾಗ ಅಮ್ಮ ಕತ್ತಲಲ್ಲಿ ಗೋಡೆ ತಡವಬಾರದು. ನನಗೆ ಬೇಕಿದ್ದದ್ದು ಇಷ್ಟೇ. ನಡುಮನೆಯ ಸ್ಮಾರ್ಟ್ ಬಲ್ಬು ಒಂದು ಕಂಪನಿಯದು, ಓಡಾಟ ಗುರುತಿಸುವ ಸೆನ್ಸರ್ ಇನ್ನೊಂದರದು. ಎರಡಕ್ಕೂ ಬೇರೆ ಬೇರೆ ಆ್ಯಪ್, ಬೇರೆ ಬೇರೆ ಪಾಸ್‌ವರ್ಡ್. ಸೆನ್ಸರ್ ಕಂಡ ಸುದ್ದಿ ತನ್ನ ಕಂಪನಿಯ ಸರ್ವರ್‌ಗೆ ಹೋಗಿ, ಅಲ್ಲಿಂದ ಬಲ್ಬಿನ ಕಂಪನಿಯ ಸರ್ವರ್‌ಗೆ ದಾಟಿ, ಮತ್ತೆ ಮನೆಗೆ ಬರಬೇಕು. ಇಂಟರ್‌ನೆಟ್ ಕೈಕೊಟ್ಟ ಒಂದು ರಾತ್ರಿ ದೀಪ ಹತ್ತಲಿಲ್ಲ. ಅಮ್ಮ ಹೊಸ್ತಿಲು ಎಡವಿದಳು. ಸದ್ಯ, ಬೀಳಲಿಲ್ಲ.

ಈ ಗೋಜಲು ಬಿಡಿಸಲೆಂದೇ 2019ರ ಡಿಸೆಂಬರ್‌ನಲ್ಲಿ ಅಮೆಜಾನ್, ಆ್ಯಪಲ್, ಗೂಗಲ್ ಮತ್ತು ಜಿಗ್‌ಬೀ ಅಲೈಯನ್ಸ್ ಎಂಬ ಕಂಪನಿಗಳ ಒಕ್ಕೂಟ ಕೈಜೋಡಿಸಿದವು. 2022ರ ಅಕ್ಟೋಬರ್‌ನಲ್ಲಿ ‘ಮ್ಯಾಟರ್’ ಮೊದಲ ಆವೃತ್ತಿ ಹೊರಬಂತು. ಮ್ಯಾಟರ್ ಎಂಬುದು ಸಾಧನಗಳು ಆಡುವ ಭಾಷೆ; ವೈಫೈ, ಥ್ರೆಡ್ ಆ ಮಾತು ಸಾಗುವ ದಾರಿಗಳು. ಸೆಲ್ ಹಾಕಿ ನಡೆಸುವ ಪುಟ್ಟ ಸೆನ್ಸರ್‌ಗಳಿಗೆ ಕಡಿಮೆ ವಿದ್ಯುತ್ ಬಳಸುವ ಥ್ರೆಡ್ಡೇ ವಾಸಿ. ಆದರೆ ಅದನ್ನು ಮನೆಯ ನೆಟ್‌ವರ್ಕಿಗೆ ಕೂಡಿಸಲು ‘ಬಾರ್ಡರ್ ರೂಟರ್’ ಬೇಕು. ಕೆಲವು ಸ್ಮಾರ್ಟ್ ಸ್ಪೀಕರ್‌ಗಳಲ್ಲಿ ಅದು ಒಳಗೇ ಇರುತ್ತದೆ, ಕೆಲವುಗಳಲ್ಲಿ ಇಲ್ಲ. ಪೆಟ್ಟಿಗೆಯ ಮೇಲೆ ಮ್ಯಾಟರ್ ಗುರುತಿದ್ದರೆ ಸಾಲದು, ಕೊಳ್ಳುವ ಮೊದಲು ಇದನ್ನೂ ವಿಚಾರಿಸಿ. ಎಷ್ಟೋ ಜನ ಎಡವುವುದು ಇಲ್ಲೇ.

ನನ್ನನ್ನು ಮ್ಯಾಟರ್‌ನತ್ತ ಸೆಳೆದದ್ದು ಎರಡು ಗುಣ. ಸಾಧನಗಳನ್ನು ನಿಯಂತ್ರಿಸುವ, ಮನೆಯಲ್ಲೇ ಇರುವ ಹಬ್ ಸೂಚನೆ ಕೊಡುವುದಾದರೆ ಮಾತು ಮನೆಯ ಗೋಡೆ ದಾಟಬೇಕಿಲ್ಲ. ಒಂದೇ ಸಾಧನವನ್ನು ನನ್ನ ಫೋನಿನ ಆ್ಯಪಿಗೂ ತಂಗಿ ಬಳಸುವ ಬೇರೆ ಕಂಪನಿಯ ಆ್ಯಪಿಗೂ ಒಟ್ಟಿಗೇ ಸೇರಿಸಬಹುದು.

ಮ್ಯಾಟರ್ ಸಾಧನಗಳನ್ನು ತಂದರೂ ಇನ್ನೊಂದು ತೊಡಕು ಉಳಿದಿತ್ತು. ಮಲಗುವ ಮುನ್ನ ಎಲ್ಲ ಸ್ವಿಚ್ಚೂ ಆರಿಸುವುದು ಅಮ್ಮನ ಜೀವಮಾನದ ರೂಢಿ. ಕರೆಂಟೇ ಇಲ್ಲದ ಬಲ್ಬಿಗೆ ಯಾರ ಮಾತೂ ಕೇಳಿಸದು. ಅಮ್ಮನ ರೂಢಿ ಬದಲಿಸಲು ನನಗೆ ಮನಸ್ಸಾಗಲಿಲ್ಲ. ಎಲೆಕ್ಟ್ರಿಶಿಯನ್ನರನ್ನು ಕರೆಸಿ, ಬೋರ್ಡಿಗೆ ನ್ಯೂಟ್ರಲ್ ವೈರ್ ಬಂದಿದೆಯೇ ನೋಡಿಸಿ, ಸ್ವಿಚ್ಚಿನ ಹಿಂದೆ ಮ್ಯಾಟರ್ ರಿಲೇ ಕೂರಿಸಿದೆ. ಅಮ್ಮ ಸ್ವಿಚ್ ಆರಿಸಿದರೂ ರಿಲೇಗೆ ಕರೆಂಟ್ ಇದ್ದೇ ಇರುತ್ತದೆ, ದೀಪ ಹತ್ತಿಸುವುದು ಅದೇ; ಹೋಲ್ಡರ್‌ಗೆ ಸಾದಾ ಬಲ್ಬು ಸಾಕು. ರಿಲೇ ಮೈಮೇಲೆ, ಅದನ್ನು ಆ್ಯಪಿಗೆ ಸೇರಿಸಲು ಬೇಕಾದ 11 ಅಂಕಿಯ ಕೋಡ್ ಇರುತ್ತದೆ. ಬೋರ್ಡ್ ಮುಚ್ಚುವ ಮುನ್ನ ಅದನ್ನು ಕರೆಂಟ್ ಬಿಲ್ಲಿನ ಫೈಲಿನಲ್ಲಿ ಬರೆದಿಟ್ಟೆ. ಇಲ್ಲದಿದ್ದರೆ ನಾಳೆ ಮತ್ತೆ ಬೋರ್ಡ್ ಬಿಚ್ಚಬೇಕು.

ಮೊನ್ನೆ ರಾತ್ರಿ ರೂಟರ್‌ಗೆ ಬರುವ ಇಂಟರ್‌ನೆಟ್ ಕೇಬಲ್ ಕಿತ್ತಿಟ್ಟು, ‘ಅಮ್ಮಾ, ಒಂದ್ಸಲ ನಡೀ ನೋಡೋಣ’ ಎಂದೆ. ಎರಡನೇ ಹೆಜ್ಜೆಗೆ ದೀಪ ಹತ್ತಿತು.