ತೊಳೆಯುವ ನೀರೂ ಶುದ್ಧವಾಗಿರಲಿ

ಮದುವೆಯ ಬಿರಿಯಾನಿ ಚೆನ್ನಾಗಿ ಬೇಯುವುದರಿಂದ ಅದರಲ್ಲಿನ ಹೆಚ್ಚಿನ ರೋಗಾಣುಗಳು ಸಾಯುತ್ತವೆ. ಆದರೆ ಜೊತೆಗೆ ಬಡಿಸುವ ಸೌತೆಕಾಯಿ, ಈರುಳ್ಳಿ, ಪುದೀನ ಬೆಂಕಿಯನ್ನೇ ಕಾಣುವುದಿಲ್ಲ. ಒಂದೇ ಪಾತ್ರೆಯ ನೀರಿನಲ್ಲಿ ಹತ್ತು ಕಟ್ಟು ಸೊಪ್ಪನ್ನು ಅದ್ದಿ ತೆಗೆದರೆ, ಒಂದು ಕಟ್ಟಿನಲ್ಲಿದ್ದ ಇ. ಕೋಲಿ ಅಥವಾ ಸಾಲ್ಮೊನೆಲ್ಲಾ ಉಳಿದ ಒಂಬತ್ತಕ್ಕೂ ಹರಡಬಹುದು.

ಆಹಾರ ಸಂಸ್ಕರಣಾ ಕಾರ್ಖಾನೆಗಳಲ್ಲಿ ಇದೇ ಸಮಸ್ಯೆ ದೊಡ್ಡ ಪ್ರಮಾಣದಲ್ಲಿರುತ್ತದೆ. ಅದಕ್ಕಿರುವ ಒಂದು ಪರಿಹಾರ ವಿದ್ಯುತ್ ಹರಿಸಿ ತಯಾರಿಸಿದ ಉಪ್ಪು ನೀರು.

ತಯಾರಾಗುವುದು ಹೇಗೆ?

ಅಡುಗೆ ಉಪ್ಪು ಎಂದರೆ ಸೋಡಿಯಂ ಕ್ಲೋರೈಡ್. ಅದರ ತೆಳು ದ್ರಾವಣದಲ್ಲಿ ವಿದ್ಯುತ್ ಹರಿಸಿದಾಗ ಧನ ವಿದ್ಯುದ್ವಾರದಲ್ಲಿ ಕ್ಲೋರಿನ್ ಹುಟ್ಟಿ, ನೀರಿನೊಡನೆ ಸೇರಿ ಹೈಪೋಕ್ಲೋರಸ್ ಆಮ್ಲವಾಗುತ್ತದೆ. ಋಣ ವಿದ್ಯುದ್ವಾರದ ಕಡೆ ಕ್ಷಾರೀಯ ನೀರು ಸಿಗುತ್ತದೆ. ನಡುವೆ ತೆಳು ಪೊರೆಯಿಟ್ಟು ಎರಡನ್ನೂ ಬೇರೆಯಾಗಿ ಪಡೆಯಬಹುದು. ಕ್ಷಾರೀಯ ನೀರು ಜಿಡ್ಡು ತೆಗೆಯುತ್ತದೆ, ಆಮ್ಲೀಯ ನೀರು ರೋಗಾಣು ಕೊಲ್ಲುತ್ತದೆ. ಹೈಪೋಕ್ಲೋರಸ್ ಆಮ್ಲದ ಅಣುವಿಗೆ ವಿದ್ಯುದಾವೇಶವಿಲ್ಲ. ಆದ್ದರಿಂದ ಅದು ರೋಗಾಣುವಿನ ಹೊರಪದರವನ್ನು ಸುಲಭವಾಗಿ ದಾಟುತ್ತದೆ. ಜಪಾನ್ 2002ರಲ್ಲಿ ಇದನ್ನು ಆಹಾರ ತೊಳೆಯಲು ಅಂಗೀಕರಿಸಿತು. ಆದರೆ ಆಹಾರ ಸಿದ್ಧವಾಗುವ ಮೊದಲು ಅದನ್ನು ತೆಗೆದುಹಾಕಬೇಕೆಂಬ ಷರತ್ತೂ ಇದೆ.

ಇತಿಮಿತಿಗಳು

ಮಣ್ಣು, ರಕ್ತ, ತರಕಾರಿಯ ರಸ ಸೇರಿದಂತೆಲ್ಲ ನೀರಿನಲ್ಲಿರುವ ಕ್ಲೋರಿನ್ ಖರ್ಚಾಗಿ ಶಕ್ತಿ ಕುಂದುತ್ತದೆ. ಹಾಗಾಗಿ ಮೊದಲು ಕೊಳೆ ತೊಳೆದು, ನಂತರವೇ ಈ ನೀರನ್ನು ಬಳಸಬೇಕು. ಅದರ ಪ್ರಮಾಣವನ್ನು ಆಗಾಗ ಅಳೆಯುತ್ತಿರಬೇಕು. ಎಲೆಯ ಸಂದಿಯಲ್ಲಿ ಅಂಟಿದ ಎಲ್ಲ ರೋಗಾಣುಗಳನ್ನೂ ಇದು ತೆಗೆಯದು. ತೊಳೆಯುವ ನೀರು ರೋಗ ಹರಡುವ ದಾರಿಯಾಗದಂತೆ ತಡೆಯುವುದೇ ಇದರ ದೊಡ್ಡ ಲಾಭ.

ಮಾಂಸ ತೊಳೆದ ಕೊಳಕು ನೀರಿಗೆ ಇನ್ನೊಂದು ವಿಧಾನವಿದೆ. ಕಬ್ಬಿಣ ಅಥವಾ ಅಲ್ಯೂಮಿನಿಯಂ ಫಲಕಗಳ ಮೂಲಕ ವಿದ್ಯುತ್ ಹರಿಸಿದರೆ, ಕರಗಿದ ಲೋಹವು ಕೊಬ್ಬು ಮತ್ತು ಕೊಳೆಯನ್ನು ಗರಣೆಗಟ್ಟಿಸುತ್ತದೆ. ಬಳಿಕ ಅದನ್ನು ಬೇರ್ಪಡಿಸುವುದು ಸುಲಭ.

ಮನೆಯಲ್ಲಿ ಏನು ಮಾಡಬೇಕು?

ಬ್ಯಾಟರಿ, ತಂತಿ ಹಿಡಿದು ಇದನ್ನು ಮನೆಯಲ್ಲಿ ಪ್ರಯತ್ನಿಸಬೇಡಿ. ವಿಷಕಾರಿ ಕ್ಲೋರಿನ್ ಅನಿಲ ಹೊರಬರಬಹುದು, ತಂತಿಯ ಲೋಹವೂ ನೀರಿಗೆ ಸೇರಬಹುದು. ಬ್ಲೀಚಿಂಗ್ ಪೌಡರ್ ಜೊತೆ ವಿನೆಗರ್ ಅಥವಾ ಟಾಯ್ಲೆಟ್ ಆಸಿಡ್ ಎಂದೂ ಬೆರೆಸಬೇಡಿ.

ಸೊಪ್ಪನ್ನು ಬಿಡಿಸಿ, ಕುಡಿಯಲು ಯೋಗ್ಯವಾದ ಹರಿಯುವ ನೀರಿನಲ್ಲಿ ತೊಳೆಯಿರಿ. ಪಾತ್ರೆಯಲ್ಲಿ ತೊಳೆಯುವುದಾದರೆ ಪ್ರತಿ ಸಲವೂ ನೀರು ಬದಲಿಸಿ. ಮಾಂಸ ಕತ್ತರಿಸಿದ ಚಾಕು, ಹಲಗೆಯನ್ನು ಸಲಾಡಿಗೆ ಬಳಸಬೇಡಿ. ಗರ್ಭಿಣಿಯರು, ವೃದ್ಧರು, ಪುಟ್ಟ ಮಕ್ಕಳಿಗೆ ಸಂಶಯವಿದ್ದಾಗ ಬೇಯಿಸಿದ್ದನ್ನೇ ಕೊಡಿ.